ಶುಕ್ರವಾರದ ಪುಟಗಳಲ್ಲಿ ಅವಳ ಹೆಸರು

"ಮೊಬೈಲ್, ವಾಚು, ಬಳೆ… ಎಲ್ಲಾ ಹೊರಗ ಇಡ್ರಿ. ಒಳಗ ಮ್ಯಾಗ್ನೆಟ್ ಅದ."

ಆ ದನಿ!

ಬಳೆ ತೆಗೆಯುತ್ತಿದ್ದ ಪದ್ಮಶ್ರೀ ತಲೆಯೆತ್ತಿದಳು. ವಿರೂಪಾಕ್ಷ! ಎರಡು ವರ್ಷದ ಹಿಂದೆ ಇದೇ ಬಾಗಿಲಲ್ಲಿ ನಿಂತು, ಇನ್ನು ನಿಮ್ಮ ಮುಖ ನೋಡಲ್ಲ ಎಂದು ಕೂಗಿ ಹೋದವಳು ಅವಳೇ.

ಈಗ ಅವಳು ಕೆಲಸ ಮಾಡುವ ಯಲಹಂಕದ ಔಷಧ ಕಂಪನಿಯವರು ಪುಡಿ ಪರೀಕ್ಷೆಗೆಂದು ಯಶವಂತಪುರದ ಈ ಲ್ಯಾಬಿಗೇ ಅವಳನ್ನು ಅಟ್ಟಬೇಕಿತ್ತೇ? ಹಣೆಬರಹ, ಬೇರೇನು!

ಆಗ ಅವಳು ಇಲ್ಲಿ ಪಿಎಚ್‌ಡಿ ವಿದ್ಯಾರ್ಥಿನಿ, ಅವನು ಎನ್‌ಎಂಆರ್ ಯಂತ್ರ ನಡೆಸುವವನು. ಅವಳು ತಯಾರಿಸಿದ ಪ್ಯಾಲೇಡಿಯಂ ಸಂಯುಕ್ತ ಎಷ್ಟು ಮಾಡಿದರೂ ಹರಳುಗಟ್ಟಲಿಲ್ಲ. ಹರಳಿಲ್ಲದಿದ್ದರೆ ಎಕ್ಸ್‌ರೇ ಇಲ್ಲ. ಅಣುವಿನ ರಚನೆ ತಿಳಿಯಲು ಪುಡಿಯನ್ನೇ ರೋಟರ್ ಎಂಬ ಪುಟ್ಟ ಕೊಳವೆಗೆ ತುಂಬಿ, ಮ್ಯಾಗ್ನೆಟ್ಟಿನೊಳಗೆ ಸೆಕೆಂಡಿಗೆ ಹತ್ತು ಸಾವಿರ ಸುತ್ತು ತಿರುಗಿಸಬೇಕಿತ್ತು. ಹೀಗೆ ತುಂಬುತ್ತಾ ತುಂಬುತ್ತಾ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಮನಸ್ಸಾಯಿತು. ಬಾಯಿಬಿಟ್ಟು ಹೇಳಿದವರು ಮಾತ್ರ ಯಾರೂ ಇಲ್ಲ!

ಆ ಅಣುವಿನಲ್ಲಿ ಲೋಹದ ಪಕ್ಕದ ಎರಡು ರಂಜಕದ (ಫಾಸ್ಫರಸ್) ಪರಮಾಣುಗಳೂ ಒಂದೇ ಥರ ಕೂತಿದ್ದರೆ ಗ್ರಾಫಿನಲ್ಲಿ ಒಂದೇ ಪೀಕ್, ಒಂದೇ ಶಿಖರ, ಬರಬೇಕು. ಬಂದದ್ದು ಎರಡು. ಪುಡಿಯೇ ಶುದ್ಧವಿಲ್ಲ, ನಿನ್ನ ಕೆಲಸವೇ ತಪ್ಪು ಎಂದರು ಅವಳ ಗೈಡ್.

"ಎರಡನೇದು ಸುಳ್ಳು ಪೀಕ್ ಕಣ್ರೀ, ರೋಟರ್ ಸುತ್ತೋದ್ರಿಂದ ಬಂದಿರೋದು. ಹಾಗಂತ ಬರ್ಕೊಡಿ, ಪ್ಲೀಸ್!" ಎಂದು ಅಂಗಲಾಚಿದ್ದಳು.

"ವೇಗ ಬದಲಿಸಿ ನೋಡದ ಹೆಂಗ ಬರೀಲ್ರೀ? ಒಂದ್ ತಿಂಗಳು ಮಷೀನ್ ಬುಕ್ ಅದ. ತಡೀರಿ."

ಗೈಡ್ ಒಂದು ವಾರವೂ ತಡೆಯಲಿಲ್ಲ. ಪೇಪರ್ ಹೋಯಿತು, ಫೆಲೋಶಿಪ್ ಹೋಯಿತು, ಪಿಎಚ್‌ಡಿ ಅರ್ಧಕ್ಕೇ ನಿಂತಿತು.

'ನನಗಿಂತ ಇವನಿಗೆ ಆ ಪೀಕೇ ಹೆಚ್ಚಾಯ್ತಲ್ಲ!' ಅವತ್ತೇ ಅವನ ನಂಬರ್ ಬ್ಲಾಕ್ ಮಾಡಿದಳು, ಮತ್ತಿಕೆರೆಯ ರೂಮನ್ನೂ ಖಾಲಿ ಮಾಡಿದಳು.

"ರಿಜಿಸ್ಟರ್‌ದಾಗ ಸಹಿ ಮಾಡ್ರಿ," ಎಂದ ಈಗ, ಮುಖ ನೋಡದೆ.

ಅವಳು ಪುಸ್ತಕ ತೆರೆದಳು. ಕಳೆದ ಶುಕ್ರವಾರ, ಬೆಳಿಗ್ಗೆ ಎಂಟು ಗಂಟೆ. ಬಳಕೆದಾರರು: ಪದ್ಮಶ್ರೀ.

ಅರೆ! ಹಿಂದಿನ ಪುಟ ತಿರುವಿದಳು. ಅಲ್ಲೂ ಪದ್ಮಶ್ರೀ. ಅದರ ಹಿಂದೆಯೂ… ಎರಡು ವರ್ಷದ ಅಷ್ಟೂ ಶುಕ್ರವಾರ!

"ಏನ್ರೀ ಇದೆಲ್ಲಾ?"

"ಸುತ್ತೋ ವೇಗ ಬದಲಿಸಿದರ ಸುಳ್ಳು ಪೀಕ್ ಜಾಗ ಬಿಟ್ಟು ಸರೀತದ. ಇದು ಸರೀಲಿಲ್ಲ. ನಿಮ್ಮ ಕೆಲಸ ತಪ್ಪಿರಲಿಲ್ರೀ… ಎರಡು ರಂಜಕ ಬ್ಯಾರೆ ಬ್ಯಾರೆ ಥರ ಕೂತಾವ. ಹೊಸಾ ರಚನೆ ಅದು."

ಇದೇ ಫಲಿತಾಂಶ ಬರೆದು ಅವಳಿಗೆ ಕಳಿಸಿದ್ದ ಲಕೋಟೆಯನ್ನು ಡ್ರಾಯರಿನಿಂದ ತೆಗೆದು ಮುಂದಿಟ್ಟ. ಮತ್ತಿಕೆರೆಯ ವಿಳಾಸ. ಮನೆ ಬಿಟ್ಟಿದ್ದಾರೆ ಎಂದು ಅಂಚೆಯವರು ಬರೆದು ವಾಪಸ್ ಕಳಿಸಿದ್ದರು. ತಾರೀಖು ನೋಡಿದರೆ, ಅವಳು ಹೋದ ಮರುತಿಂಗಳದ್ದು.

'ಅಯ್ಯೋ… ನಾನೇ ಎಲ್ಲಾ ಬಾಗಿಲು ಮುಚ್ಕೊಂಡು ಹೋದ್ನಲ್ಲ!' ಆ ಡಿಗ್ರಿ, ಆ ಎರಡು ವರ್ಷ… ಇನ್ನು ಯಾರು ತಂದುಕೊಟ್ಟಾರು?

"ಮರುತಿಂಗಳೇ ಗೊತ್ತಾಗಿತ್ತಲ್ವಾ? ಮತ್ತೆ… ಉಳಿದ ಶುಕ್ರವಾರಗಳು ಯಾಕೆ?"

ವಿರೂಪಾಕ್ಷ ತಲೆ ತಗ್ಗಿಸಿದ.

"ವಾರಕ್ಕ ಒಮ್ಮೆರ ನಿಮ್ಮ ಹೆಸರು ಬರೀಬೇಕು ಅನ್ನಸ್ತಿತ್ತು… ಅಷ್ಟ ರೀ."

ಪದ್ಮಶ್ರೀ ಬಿಕ್ಕಿಬಿಕ್ಕಿ ಅತ್ತಳು. ಅವನ ಕಣ್ಣೂ ತುಂಬಿತ್ತು. ಆಮೇಲೆ ಅವಳೇ ಪೆನ್ ಎತ್ತಿಕೊಂಡಳು.

"ಮುಂದಿನ ಶುಕ್ರವಾರ ನನ್ನ ಹೆಸರು ನಾನೇ ಬರೀತೀನಿ."

"ಯಾವ ಸ್ಯಾಂಪಲ್ ಅಂತ ಬರೀತೀರಿ?"

"ಏನೂ ಇಲ್ಲ… ಎಂಟು ಗಂಟೆಗೆ ಬಂದ್ರೆ ಬಾಗಿಲು ತೆಗೀತೀರಾ?"

"ಏಳೂವರೆಗೇ ತೆಗೆದಿಟ್ಟಿರ್ತೀನ್ರೀ."