ತಾಯಿ ಸಾಲಿನ ಹದಿಮೂರು ಗಿಡ

"ಕೈ ಹಿಡಿ ಮಗಾ," ಎಂದರು ಬೀಜದ ಸಾಹೇಬರು.

ಹೊಳೆವ್ವ ಅಂಗೈ ಚಾಚಿದಳು. ಸಾಹೇಬರು ಜೋಳದ ತೆನೆಯೊಂದನ್ನು ಬಗ್ಗಿಸಿ ತಟ್ಟಿದರು. ಒಂದು ಹುಳ ಬಿತ್ತು, ಅಷ್ಟೇ. ಆಚೆ ಸಾಲಿನ ತೆನೆ ತಟ್ಟಿದ್ದೇ ತಡ, ಅಂಗೈ ತುಂಬ ಹಳದಿ ಧೂಳು!

"ಇದು ಪರಾಗ. ಧೂಳ ಇದ್ದದ್ದು ತಂದಿ ಸಾಲು, ಇಲ್ಲದ್ದು ತಾಯಿ ಸಾಲು. ಎರಡೂ ಕೂಡಿದ್ರ ಹೈಬ್ರಿಡ್ ಬೀಜ."

ಘೋಣಸಗಿಯಲ್ಲಿ ಹೈಬ್ರಿಡ್ ಬೀಜ ಬೆಳೆಯಲು ಮೊದಲು ಒಪ್ಪಿದವನು ಹೊಳೆವ್ವನ ಅಪ್ಪ ಖಂಡಪ್ಪ. "ಜ್ವಾಳಕ್ಕೂ ಲಗ್ನಾ ಮಾಡಾಕ ಹೊಂಟಾನ" ಎಂದು ಊರೆಲ್ಲ ನಕ್ಕಿತ್ತು. ಇವತ್ತು ಬೆಳೆ ಪರೀಕ್ಷೆಗೆ ಶಿವಯೋಗೆಪ್ಪ ಸಾಹೇಬರು ಬಿಜಾಪುರದಿಂದ ಬಂದಿದ್ದರು. ಅಪ್ಪ ಹೊಸ ರುಮಾಲು ಸುತ್ತಿಕೊಂಡು ನಿಂತಿದ್ದ.

"ತಾಯಿ ಸಾಲಿನಾಗ ಧೂಳ ಯಾಕಿಲ್ರಿ?" ಹೊಳೆವ್ವ ಬಿಡಲಿಲ್ಲ.

ಸಾಹೇಬರು ಇನ್ನೂ ಅರಳದ ಒಂದು ಹೂವನ್ನು ಉಗುರಿನಿಂದ ಬಿಡಿಸಿದರು. ಒಳಗೆ ಪರಾಗ ತುಂಬಬೇಕಾದ ಮೂರು ಸಣ್ಣ ಚೀಲಗಳು, ಬಿಳಿಚಿ ಮುದುಡಿಕೊಂಡಿದ್ದವು.

"ಗಿಡದ ಮೈಯಾಗ ಲಕ್ಷಗಟ್ಟಲೆ ಕೋಶ ಅದಾವ. ಒಂದೊಂದರಾಗೂ ಮೈಟೊಕಾಂಡ್ರಿಯ ಅಂತ ಸಣ್ಣ ಸಣ್ಣ ಒಲಿ ಇದ್ದಂಗ ಇರ್ತಾವ. ಶಕ್ತಿ ಹುಟ್ಟೂದು ಅಲ್ಲೇ. ಪರಾಗ ಮಾಡಾಕ ಭಾಳ ಶಕ್ತಿ ಬೇಕು. ಈ ಗಿಡದಾಗ ಆ ಹೊತ್ತಿಗೆ ಒಲಿ ಕೈ ಕೊಡತಾವಂತ ಕಾಣತೈತಿ. ಅವು ಬರೂದು ತಾಯಿ ಕಡಿಂದ, ಅದಕ್ಕ ಈ ಗುಣಾನೂ ತಾಯಿ ಕಡಿಂದ."

"ಯಾಕ ಕೈ ಕೊಡತಾವ್ರಿ?"

"ಅದನ್ನ ದೊಡ್ಡ ದೊಡ್ಡ ವಿಜ್ಞಾನಿಗಳೂ ಇನ್ನೂ ಹುಡುಕಾಕತ್ತಾರ," ಎಂದು ನಕ್ಕ ಸಾಹೇಬರು ಅಪ್ಪನತ್ತ ತಿರುಗಿದರು. "ಖಂಡಪ್ಪಾ, ತಾಯಿ ಸಾಲಿನಾಗ ಧೂಳಿನ ಗಿಡಾ ನಿಂತ್ರ ಬೀಜ ಎಲ್ಲಾ ಬೆರಕಿ. ಪಾಸ್ ಆಗಂಗಿಲ್ಲ."

"ನಮ್ಮ ಹೊಲದಾಗ ಒಂದೂ ಇಲ್ರಿ!" ಅಪ್ಪ ಎದೆ ಉಬ್ಬಿಸಿದ.

ಹೊಳೆವ್ವ ತಾಯಿ ಸಾಲಿನತ್ತ ತಿರುಗಿ ನೋಡಿದಳು.

ಬಿತ್ತಿದ ಮೇಲೆ ತಾಯಿ ಸಾಲಿನಲ್ಲಿ ಅಲ್ಲಲ್ಲಿ ಮೊಳಕೆ ಬಂದಿರಲಿಲ್ಲ. "ಭೂಮಿತಾಯಿ ಉಡಿ ಖಾಲಿ ಬಿಡಬಾರದು ಬೇ" ಎಂದು ಅಜ್ಜಿ ರುದ್ರವ್ವ, ಹೊಳೆವ್ವನ ಆಯಿ, ಮನೆಯ ಜೋಳ ಒಂದು ಹಿಡಿ ಕೊಟ್ಟಿದ್ದಳು. ಹೊಳೆವ್ವ ಹದಿಮೂರು ಕಡೆ ಊರಿ, ಬೇರು ಹಿಡಿಯುವ ತನಕ ದಿನಾ ಚೊಂಬಿನಲ್ಲಿ ನೀರು ಹಾಕಿದ್ದಳು.

ಆಯಿ ಕೊಟ್ಟಳು ಎನ್ನಬಹುದಿತ್ತು. ಆದರೆ ಬೆರಳಿನಿಂದ ಕುಣಿ ಮಾಡಿ ಊರಿದವಳು ತಾನೇ ಅಲ್ಲವೆ?

"ಯಪ್ಪಾ, ಅದಾವ. ಹದಿಮೂರು ಅದಾವ. ನಾನಽ ಹಚ್ಚೇನಿ. ಮನಿ ಜ್ವಾಳ."

ಅಪ್ಪನ ಮುಖ ಕಪ್ಪಿಟ್ಟಿತು.

"ತಡಾ ಮಾಡಿ ಊರಿದ್ದು ಚಲೋ ಆತು. ಇನ್ನೂ ಅರಳಿರಂಗಿಲ್ಲ," ಎಂದರು ಸಾಹೇಬರು. "ಯಾವ್ಯಾವು, ತೋರಸು."

ಹೊಳೆವ್ವ ಓಡಿದಳು. ಆದರೆ ಗಿಡಗಳೆಲ್ಲ ಬೆಳೆದು ಒಂದೇ ಥರ ಕಾಣುತ್ತಿದ್ದವು! ಅಳು ಬಂತು. ಮೂಗು ಒರೆಸಿಕೊಂಡು, ಸಾಹೇಬರು ಮಾಡಿದಂತೆಯೇ ಒಂದು ಹೂ ಬಿಡಿಸಿದಳು. ಬಿಳಿಚಿದ ಚೀಲ. ಇನ್ನೊಂದು, ಮತ್ತೊಂದು. ಆಮೇಲೆ ಒಂದರಲ್ಲಿ ಮೂರೂ ಚೀಲ ಹಳದಿಯಾಗಿ ಉಬ್ಬಿದ್ದವು.

"ಇದು ನಂದು!"

ಅಪ್ಪ ಬಂದು ಬೇರುಸಮೇತ ಕಿತ್ತ. ಬಿಸಿಲೇರಿದರೂ ಹೊಳೆವ್ವ ನಿಲ್ಲಲಿಲ್ಲ. ಹನ್ನೆರಡು ಸಿಕ್ಕವು. ಹದಿಮೂರನೆಯದು ಬಾವಿಯ ಹತ್ತಿರ, ಅವಳೆತ್ತರಕ್ಕೆ ಬೆಳೆದು ನಿಂತಿತ್ತು.

"ಇದಕ್ಕೇನರ ರೋಗ ಐತೇನ್ರಿ?" ಎಂದು ಕೇಳಿದಳು ಹೊಳೆವ್ವ.

"ಇಲ್ಲ. ಭಾಳ ಚಲೋ ಗಿಡಾ," ಎಂದರು ಸಾಹೇಬರು.

ಅಪ್ಪ ಕೈ ಹಾಕಲಿಲ್ಲ. "ನೀನಽ ಕೀಳವ್ವಾ," ಎಂದ ಮೆತ್ತಗೆ.

ಅವಳು ಎರಡೂ ಕೈಯಿಂದ ಜಗ್ಗಿದಳು. ಗಿಡ ಬಂತು, ಕಣ್ಣೀರೂ ಬಂತು. ಸಾಹೇಬರು ಮತ್ತೆ ಸಾಲು ಸಾಲು ತಿರುಗಿ ನೋಡಿ, ಕಾಗದದ ಮೇಲೆ ಸಹಿ ಹಾಕಿದರು. ಅಪ್ಪ ರುಮಾಲು ಬಿಚ್ಚಿ ಬೆವರೊರೆಸಿಕೊಂಡ.

ಹೊಳೆವ್ವ ಬದುವಿನ ಮೇಲೆ ಕೂತು ಅಂಗೈ ಬಿಡಿಸಿದಳು. ಬರುವಾಗ ಒಂದು ಉಬ್ಬಿದ ಚೀಲ, ಒಂದು ಮುದುಡಿದ ಚೀಲ ಬಿಡಿಸಿ ತಂದಿದ್ದಳು. ಇವೆರಡರಲ್ಲಿ ಚಲೋದು ಯಾವುದು ಎಂದು ಬೆಳಿಗ್ಗೆ ಯಾರಾದರೂ ಕೇಳಿದ್ದರೆ ಥಟ್ಟನೆ ಬೆರಳು ಮಾಡಿ ತೋರಿಸುತ್ತಿದ್ದಳು.

ಈಗ ಎಷ್ಟು ಹೊತ್ತು ನೋಡಿದರೂ ಬೆರಳು ಏಳಲಿಲ್ಲ.