ಒಂದೇ ಕಡೆ ಸವೆದ ಟೈರು

ಶಿಲ್ಪಶ್ರೀ ಲಾರಿಯ ಮುಂದಿನ ಟೈರಿನ ಮೇಲೆ ಅಂಗೈ ಇಟ್ಟು ಒಳಗಿನಿಂದ ಹೊರಕ್ಕೆ ಎಳೆದಳು. ಗರಗಸದ ಹಲ್ಲು ಮುಟ್ಟಿದ ಹಾಗಾಯಿತು. ಹೊರಗಿನಿಂದ ಒಳಕ್ಕೆ ತಳ್ಳಿದರೆ ಮಾತ್ರ ಕೈ ನುಣ್ಣಗೆ ಜಾರುತ್ತಿತ್ತು.

ಬಗ್ಗಿ ನೋಡಿದಳು. ಟೈರಿನ ಹೊರ ಅಂಚು ಬೋಳಾಗಿತ್ತು. ಒಳ ಅಂಚಿನಲ್ಲಿ ಗೆರೆಗಳು ಇನ್ನೂ ಆಳವಾಗಿದ್ದವು. ಆಚೆ ಬದಿಯ ಟೈರೂ ಹಾಗೆಯೇ. ಎರಡನ್ನೂ ಹಾಕಿಸಿ ಮೂರೇ ತಿಂಗಳಾಗಿತ್ತು.

“ಶಿಲ್ಪಾ, ಯೂನಿಫಾರಂಗೆ ಕರಿ ಹತ್ತತೈತಿ ನೋಡು. ಸಾಲಿಗೆ ಹೊತ್ತಾತು,” ಎಂದು ಬಾಗಿಲಿನಿಂದ ಅವ್ವ ಕೂಗಿದಳು.

ಮೊದಲೆಲ್ಲ ಬೆಳಿಗ್ಗೆ ಹೀಗೆ ಲಾರಿ ಸುತ್ತುವಾಗ ಅವಳ ಜೊತೆ ತಾತ ಇರುತ್ತಿದ್ದ. ಹನುಮಣ್ಣ ತಾತ ಮೂವತ್ತು ವರ್ಷ ಅದಿರಿನ ಲಾರಿ ಓಡಿಸಿದವನು. ಸಕ್ಕರೆ ಕಾಯಿಲೆಯಿಂದ ಈಗ ಕಣ್ಣು ಮಂಜಾಗಿತ್ತು. ಅವಳ ಭುಜದ ಮೇಲೆ ಕೈಯಿಟ್ಟು ಒಂದೊಂದೇ ಟೈರಿನ ಹತ್ತಿರ ಬರುತ್ತಿದ್ದ. ಹಿಂದಿನ ಜೋಡಿ ಟೈರುಗಳನ್ನು ಕೋಲಿನಿಂದ ಬಡಿದು, “ಟಣ್ ಅಂದ್ರ ಗಾಳಿ ಐತಿ. ದಪ್ ಅಂದ್ರ ಕಡಿಮಿ ಆಗೈತಿ. ಕೇಳಿಸ್ತಾ?” ಎನ್ನುತ್ತಿದ್ದ.

ಆದರೆ ಹೋದ ವಾರ ಅಪ್ಪ ಸಿಟ್ಟು ಮಾಡಿದ್ದ. ಟೈರು ಸವೆಯುತ್ತಿದೆ, ಮೆಕ್ಯಾನಿಕ್‌ಗೆ ತೋರಿಸು ಎಂದು ತಾತ ಎರಡು ಸಲ ಹೇಳಿದ್ದಕ್ಕೆ, “ಇದು ನಿನ್ನ ಕಾಲದ ಲಾರಿ ಅಲ್ಲಪ್ಪ. ಸುಮ್ನ ಕುಂದ್ರು,” ಎಂದುಬಿಟ್ಟಿದ್ದ. ಅಂದಿನಿಂದ ತಾತ ಮನೆ ಮುಂದಿನ ಕಟ್ಟೆ ಬಿಟ್ಟು ಇಳಿದಿರಲಿಲ್ಲ.

ಅದು ಶನಿವಾರ. ಶಾಲೆ ಅರ್ಧ ದಿನ. ಮಧ್ಯಾಹ್ನ ವಡ್ಡು ಊರಿನ ಮನೆಗೆ ಬಂದವಳೇ ಶಿಲ್ಪಶ್ರೀ ಚೀಲ ಎಸೆದು ತಾತನ ಪಕ್ಕ ಕೂತಳು.

“ತಾತ, ಟೈರ್ ಭಾಳ ಸವೆದೈತಿ. ಸೋಮವಾರ ಅಪ್ಪ ಕಂಪ್ಲಿ ಮಿಲ್‌ನಾಗ ಅಕ್ಕಿ ತುಂಬಿಕೊಂಡು ಮಂಗಳೂರಿಗೆ ಹೋಗ್ತಾನ. ಘಾಟ್‌ನಾಗ ಸಿಡಿದ್ರ?”

ತಾತನ ಬೆರಳುಗಳು ಮಂಡಿಯ ಮೇಲೆ ಸುಮ್ಮನೆ ಆಡುತ್ತಿದ್ದವು.

“ಯಾಕ ಹಂಗ ಸವೀತೈತಿ, ಅದನ್ನರ ಹೇಳು.”

“ಎರಡೂ ಪಾದದ ಬೆರಳು ಒಳಗ ತಿರುಗಿಸಿ ನಡಿ ನೋಡು,” ಎಂದ ತಾತ.

ಶಿಲ್ಪಶ್ರೀ ಹಾಗೆಯೇ ಅಂಗಳದಲ್ಲಿ ನಡೆದಳು. ಚಪ್ಪಲಿಯ ಹೊರ ಅಂಚು ನೆಲಕ್ಕೆ ಪರಪರ ಉಜ್ಜಿತು.

“ಕೇಳಿದ್ಯಾ? ಚಕ್ರದ ಮೂತಿ ಎರಡೂ ಒಳಗ ತಿರುಗ್ಯಾವ. ಅವನ್ನ ಸೀದಾ ಮಾಡದ ಹೊಸ ಟೈರ್ ಹಾಕಿದ್ರ ಅದೂ ಹಿಂಗ ತೇಯ್ತೈತಿ.”

“ಅಪ್ಪಗ ಹೇಳು.”

“ಒಂದ್ಸಲ ಬ್ಯಾಡ ಅಂದಾನ. ಸಾಕು ಬಿಡವ್ವ.”

ಸಂಜೆ ಅಪ್ಪ ಟೈರು ಬಿಚ್ಚಬೇಕೆಂದು ಲಾರಿಗೆ ಜಾಕ್ ಹಾಕಲು ಬಂದ. ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಹಾಕುವುದು ಅವನ ಯೋಚನೆ. ಶಿಲ್ಪಶ್ರೀ ಅವನ ಕೈ ಹಿಡಿದಳು.

“ಕೆಲಸ ಐತಿ, ಬಿಡು.”

“ಒಂದ ನಿಮಿಷ. ಕಣ್ಣು ಮುಚ್ಚು.”

ಅಪ್ಪನ ಅಂಗೈಯನ್ನು ಟೈರಿನ ಮೇಲಿಟ್ಟು ಒಳಕ್ಕೆ ತಳ್ಳಿದಳು. ಆಮೇಲೆ ಹೊರಕ್ಕೆ ಎಳೆದಳು. ಅಪ್ಪ ಕೈ ತೆಗೆಯಲಿಲ್ಲ. ಮತ್ತೊಮ್ಮೆ ತಾನೇ ಎಳೆದು ನೋಡಿದ.

“ಇದನ್ನ ಯಾರು ಕಲಿಸಿದ್ರು?”

“ತಾತ.”

ಅಪ್ಪ ಲಾರಿಗೆ ಬೆನ್ನು ಕೊಟ್ಟು ನೆಲದ ಮೇಲೆಯೇ ಕೂತ.

“ನಂಗೂ ಹಿಂಗ ಕಲಿಸಿದ್ದ. ನಾನು ನಿನಗಿಂತ ಸಣ್ಣಾವ ಇದ್ದೆ. ದೋಣಿಮಲೈ ಗಣಿ ಹತ್ರ ಲೋಡಿಗೆ ಲಾರಿ ಸಾಲು ನಿಂತ್ರ ಅರ್ಧ ದಿನ ಮುಂದ ಹೋಗ್ತಿರಲಿಲ್ಲ. ಅಪ್ಪ ನನ್ನ ಕೈ ಹಿಡಿದು ಸಾಲಿನಾಗ ಇರೋ ಲಾರಿ ಟೈರ್ ಎಲ್ಲಾ ಮುಟ್ಟಿಸ್ತಿದ್ದ. ಯಾವುದಕ್ಕ ಏನು ರೋಗ, ನಾನ ಹೇಳ್ಬೇಕು. ಸರಿ ಹೇಳಿದ್ರ ಮಂಡಕ್ಕಿ ಮಿರ್ಚಿ ಕೊಡಿಸ್ತಿದ್ದ.”

ಅಪ್ಪ ನಗುತ್ತಿದ್ದ. ಹಾಗೆ ನಕ್ಕಾಗ ಅವನು ಸಣ್ಣ ಹುಡುಗನ ಹಾಗೆ ಕಂಡ. ಆಮೇಲೆ ಮುಖ ಸಪ್ಪಗಾಯಿತು.

“ಮೂರು ತಿಂಗಳ ಹಿಂದ ರಸ್ತಿ ಮ್ಯಾಲ ಕೆಟ್ಟಾಗ ಚಕ್ರದ ರಾಡ್ ನಾನ ಬಿಚ್ಚಿ ಕೂಡಿಸ್ದೆ. ಆಮ್ಯಾಲ ಅಲೈನ್‌ಮೆಂಟ್ ಮಾಡಿಸಿ ಚಕ್ರ ಸೀದಾ ಮಾಡಿಸ್ಬೇಕಿತ್ತು. ಅರ್ಜೆಂಟ್ ಲೋಡು, ಬಿಟ್ಟುಬಿಟ್ಟೆ. ತಾತಗ ಹೇಳಾಕ ನಾಚಿಕಿ.”

ಅವನು ಎದ್ದು ಕೈ ಒರೆಸಿಕೊಂಡು ಕಟ್ಟೆಯ ಹತ್ತಿರ ಹೋದ.

“ಅಪ್ಪ, ನಾಳೆ ಲಾರಿ ತಗೊಂಡು ಹೊಸಪೇಟೆಗೆ ಹೋಗಾಣ. ನೀನೂ ಬಾ.”

ತಾತ ಪಕ್ಕದಲ್ಲಿದ್ದ ಕೋಲಿಗೆ ಕೈ ಚಾಚಿದ. “ಎಷ್ಟೊತ್ತಿಗೆ?” ಎಂದ.

ಮರುದಿನ ಹೊಸಪೇಟೆಯ ಶೆಡ್‌ನಲ್ಲಿ ಮೆಕ್ಯಾನಿಕ್ ಪರಶುರಾಮ್ ತಾತನನ್ನು ಕಂಡವನೇ ಕುರ್ಚಿ ಎಳೆದ. “ಬರ್ರಿ ಹನುಮಣ್ಣೋರ, ಕುಂದ್ರಿ. ಎಷ್ಟು ವರ್ಷ ಆತು ನೋಡಿ.”

ಆಮೇಲೆ ಚಕ್ರಗಳನ್ನು ಅಳೆದು ಲಾರಿಯ ಕೆಳಗಿನಿಂದ ತಲೆ ಹೊರಹಾಕಿದ. “ಚಕ್ರ ಎರಡೂ ಒಳಗ ತಿರುಗ್ಯಾವ. ರಾಡ್ ಅಳತಿನ ತಪ್ಪೈತಿ. ಯಾರ್ ಕೂಡಿಸಿದ್ದು ಇದನ್ನ?”

ಅಪ್ಪ ನೆಲ ನೋಡಿದ.

“ರಸ್ತಿ ಮ್ಯಾಲ ಕೆಟ್ಟಾಗ ಯಾರು ಕೂಡಿಸಿದ್ರೂ ಹಂಗ ಆಗತೈತಿ,” ಎಂದ ತಾತ. “ನಾನೂ ಎರಡು ಸಲ ಮಾಡೀನಿ. ನೀ ಸೀದಾ ಮಾಡು.”

ಅಪ್ಪ ತಟ್ಟನೆ ತಾತನ ಕಡೆ ನೋಡಿದ. ತಾತನಿಗೆ ಮೊದಲೇ ಗೊತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಅಳತೆ ಸರಿಯಾಯಿತು. ಮುಂದಿನ ಚಕ್ರಗಳಿಗೆ ಬೇರೆ ಎರಡು ಟೈರು ಬಂದವು. ತಾತ ಎದ್ದು ಎಲ್ಲ ಟೈರುಗಳ ಗಾಳಿ ನೋಡಿಸಿದ, ಹಿಂದಿನ ಜೋಡಿಯ ಒಳಗಡೆಯದನ್ನೂ ಬಿಡದೆ.

ಹಿಂದಿರುಗುವಾಗ ತಾತ ಕಿಟಕಿ ಪಕ್ಕ ಕೂತಿದ್ದ. ಶಿಲ್ಪಶ್ರೀ ನಡುವೆ. ಅಪ್ಪ ಏನೋ ಕೇಳಿದರೆ ಇಂಜಿನ್ ಸದ್ದಿಗೆ ತಾತನಿಗೆ ಕೇಳುತ್ತಿರಲಿಲ್ಲ. ತಾತ ಉತ್ತರ ಕೊಟ್ಟರೆ ಗಾಳಿ ಅದನ್ನು ಹೊರಗೆ ಒಯ್ಯುತ್ತಿತ್ತು. ಇಬ್ಬರೂ ಅವಳ ತಲೆಯ ಮೇಲಿಂದ “ಆಂ? ಆಂ?” ಎನ್ನುತ್ತಿದ್ದರು.

ದಾರಿಯಲ್ಲಿ ಚಹಾ ಕುಡಿಯಲು ಇಳಿದರು. ಮತ್ತೆ ಹತ್ತುವಾಗ ಶಿಲ್ಪಶ್ರೀ ಹಿಂದೆ ನಿಂತಳು.

“ತಾತ, ನೀನು ಮೊದಲು ಹತ್ತು. ಕಿಟಕಿ ನಂಗ ಬೇಕು.”

ತಾತ ಅಪ್ಪನ ಪಕ್ಕ ನಡುವೆ ಕೂತ. ಲಾರಿ ಹೊರಟಿತು. “ಈಗ ಲಾರಿ ಪಕ್ಕಕ್ಕ ಎಳೀತೈತೇನು?” ತಾತ ಕೇಳಿದ. “ಇಲ್ಲಪ್ಪ, ಸೀದಾ ಹೊಂಟೈತಿ,” ಎಂದ ಅಪ್ಪ. ಆಮೇಲೆ ಮಾತು ದೋಣಿಮಲೈಗೆ ಹೋಯಿತು. ಲಾರಿ ಸಾಲು, ಕೆಂಪು ಧೂಳು, ಅಪ್ಪ ಒಂದು ಸಲ ತಪ್ಪು ಹೇಳಿಯೂ ಅತ್ತು ಮಿರ್ಚಿ ಪಡೆದದ್ದು. ಇಬ್ಬರೂ ನಗುತ್ತಿದ್ದರು.

ಶಿಲ್ಪಶ್ರೀಗೆ ಕಿಟಕಿಯ ಬಿಸಿಲು ಕಣ್ಣಿಗೆ ಕುಕ್ಕುತ್ತಿತ್ತು. ಆದರೂ ಮುಖ ಕಿಟಕಿಯ ಕಡೆಗೇ ತಿರುಗಿಸಿ, ಅವರ ಮಾತು ಕೇಳುತ್ತ ಕೂತಳು.