ಒಬ್ಬನೇ ತಟ್ಟಿದ ಚಪ್ಪಾಳೆ

ಜನವರಿಯ ಆ ಶನಿವಾರ ಬೆಳಿಗ್ಗೆ ದುಬೈಗೆ ಮಂಜು ಕವಿದಿತ್ತು. ನಸುಕಿನ ಫಜ್ರ್ ನಮಾಝಿನ ಹೊತ್ತಿಗೆ ಇಳಿದದ್ದು ಒಂಬತ್ತಾದರೂ ಏಳುವ ಲಕ್ಷಣವಿರಲಿಲ್ಲ. ಜುಮೇರಾ ಲೇಕ್ ಟವರ್ಸ್‌ನ ಕಟ್ಟಡಗಳು ಐದನೇ ಮಹಡಿಯಿಂದ ಮೇಲೆ ಇರಲೇ ಇಲ್ಲ. ದೊಡ್ಡವರ ದೊಡ್ಡಸ್ತಿಕೆಯನ್ನು ಅಲ್ಲಾಹನು ಹೀಗೆ ಒಮ್ಮೊಮ್ಮೆ ಮೆಲ್ಲಗೆ ಒರೆಸಿಬಿಡುತ್ತಾನೆ.

ಕೆರೆಯ ದಂಡೆಯ ಕೆಫೆಯಲ್ಲಿ ಮುಹ್ಸಿನಾ ಕುಳಿತಿದ್ದಳು. ಉಳ್ಳಾಲದ ಹುಡುಗಿ, ಸಿಲಿಕಾನ್ ಓಯಸಿಸ್‌ನಲ್ಲಿ ಕೆಲಸ, ವಯಸ್ಸು ಇಪ್ಪತ್ತೆಂಟು. ಎರಡು ಮೇಜಿನಾಚೆ ಅವಳ ಉಮ್ಮ ನಫೀಸಮ್ಮ, ಹೆಣ್ಣು ನೋಡಲು ಬಂದ ಹುಡುಗನ ಅಕ್ಕ ಸಿದ್ದೀಖಾಳ ಜೊತೆ ಚಹಾ ಕುಡಿಯುತ್ತ, ನೋಡದವರಂತೆ ಇತ್ತಲೇ ನೋಡುತ್ತಿದ್ದರು.

ಎದುರಿಗೆ ಕುಳಿತ ಹುಡುಗ ತಲ್ಹಾ. ಭಟ್ಕಳದವನು. ಅಬುಧಾಬಿಯ ಅಲ್ ಮೀನಾದಲ್ಲಿ ಮನೆಯವರ ಕಾರ್ಪೆಟ್ ಅಂಗಡಿ. ತಮ್ಮ ತಮ್ಮಲ್ಲೇ ಹೆಣ್ಣು ತರುವ ಭಟ್ಕಳದವರ ಸಂಬಂಧ ಬ್ಯಾರಿ ಮನೆಗೆ ಹೇಗೆ ಬಂತೆಂದು ಉಮ್ಮನಿಗೇ ಆಶ್ಚರ್ಯ.

ಅವನು ತಗ್ಗಿದ ದನಿಯಲ್ಲಿ ಕೇಳಿದ. "'ಹಠಮಾರಿ ಕಿವಿ' ಅಂತ ಬ್ಲಾಗ್ ಬರೆಯುವುದು ನೀವಲ್ವಾ?"

ಮುಹ್ಸಿನಾ ಉಮ್ಮನ ಮೇಜಿನ ಕಡೆ ಒಮ್ಮೆ ಕಣ್ಣು ಹಾಯಿಸಿದಳು.

ಹೆವಿ ಮೆಟಲ್ ಬಗ್ಗೆ ಕನ್ನಡದಲ್ಲಿ ಬರೆಯುವ ಆ ಬ್ಲಾಗ್ ಅವಳದೇ. ಒಬ್ಬ ಗಿಟಾರಿಸ್ಟ್ ತನ್ನ ತಂಡ ಬಿಟ್ಟು ಒಬ್ಬನೇ ಮಾಡಿದ ಮೂರು ಆಲ್ಬಮ್‌ಗಳನ್ನು ಅವಳು ತಿಂಗಳ ಹಿಂದೆ ಹೋಲಿಸಿ ಬರೆದಿದ್ದಳು. ಅದಕ್ಕೆ ನಾಲ್ಕುನೂರು ಬೈಗುಳದ ಕಮೆಂಟು ಬಿದ್ದಿದ್ದವು. ಆ ತಂಡದವರು ವೇದಿಕೆಯಲ್ಲಿ ಕಪ್ಪು ಮುಖವಾಡ ತೊಡುತ್ತಾರೆ. ಯಾರ ಮುಖವೂ ಹೆಸರೂ ಯಾರಿಗೂ ಗೊತ್ತಿಲ್ಲ.

ಅವಳ ಕಣ್ಣು ಅವನ ಎಡಗೈಗೆ ಹೋಯಿತು. ಬೆರಳ ತುದಿಗಳು ತಂತಿ ಒತ್ತಿ ಒತ್ತಿ ಜಡ್ಡುಗಟ್ಟಿದ್ದವು.

*ಯಾ ಅಲ್ಲಾಹ್... ಆ ಗಿಟಾರಿಸ್ಟ್ ಇವನೇ.*

"ಬೈಲಿಕ್ಕೆ ಬಂದದ್ದಾ, ಹೆಣ್ಣು ನೋಡ್ಲಿಕ್ಕೆ ಬಂದದ್ದಾ?"

"ಕೇಳ್ಲಿಕ್ಕೆ ಬಂದದ್ದು." ಅವನು ನಗಲಿಲ್ಲ. "ಎರಡನೆಯ ಆಲ್ಬಮ್, 'ಸಾವಿರ ಉಳಿ'. ಅದು ಬೆರಳಿನ ಕಸರತ್ತು ಅಂತ ಬರೆದಿದ್ದೀರಿ."

"ಹೌದು. ಅಷ್ಟು ವೇಗ ಯಾಕೆ? ಯಾರು ಅಟ್ಟಿಸಿಕೊಂಡು ಬರ್ತಿದ್ರು ನಿಮ್ಮನ್ನು?"

"ಮೊದಲನೆಯದು?"

"'ಉಪ್ಪುಗಾಳಿ' ನಿಜ. ಡ್ರಮ್ ಇಲ್ಲ, ಅಬ್ಬರ ಇಲ್ಲ. ಹೆದರಿದ್ದೀರಿ ಅಂತ ಗೊತ್ತಾಗ್ತದೆ. ಹೆದರಿಯೂ ನುಡಿಸಿದ್ದೀರಿ."

"ಮೂರನೆಯದನ್ನು ಎಲ್ಲರೂ ಹೊಗಳಿದ್ರು."

"ನಾನು ಎಲ್ಲರೂ ಅಲ್ಲ."

ಮೂರನೆಯದು 'ಅಂಗಳ'. ಬ್ಯಾರಿ ಮದುವೆಮನೆಯ ಕೈಕೊಟ್ಟು ಹಾಡಿನ ಚಪ್ಪಾಳೆಯನ್ನು ಅವನು ಮೆಟಲ್ ಗಿಟಾರಿನ ಅಡಿಗೆ ಹಾಸಿದ್ದ. ಮುಹ್ಸಿನಾ ಚಹಾದ ಕಪ್ಪನ್ನು ಬದಿಗೆ ಸರಿಸಿದಳು.

"ನಮ್ಮ ಹೆಂಗಸರು ವೃತ್ತವಾಗಿ ನಿಂತು ಪಕ್ಕದವಳ ಅಂಗೈಗೆ ತಟ್ಟುವುದು. ಆಚೆಯ ಕೈ ಒಂದು ಚೂರು ತಡವಾಗಿ ಬರ್ತದೆ, ಒಂದು ಚೂರು ಬೇಗ ಬರ್ತದೆ. ಹಾಡಿನ ಜೀವ ಇರುವುದೇ ಅಲ್ಲಿ. ನಿಮ್ಮದರಲ್ಲಿ ಎಲ್ಲ ಕೈಯೂ ಒಬ್ಬನದೇ. ಮದುವೆಮನೆ ಅಂತ ಹೇಳಿ ಖಾಲಿ ಕೋಣೆ ತೋರಿಸಿದ್ದೀರಿ."

ಅವನು ತನ್ನ ಅಂಗೈಯನ್ನು ಮೇಜಿನ ಮೇಲೆ ಬಿಡಿಸಿಟ್ಟು ನೋಡಿದ.

*ಮುಗಿಯಿತು. ಎದ್ದು ಹೋಗ್ತಾನೆ,* ಎಂದುಕೊಂಡಳು. ಹೋಗಬಾರದು ಎಂದು ಒಳಗೊಂದು ದನಿ ಹೇಳಿದ್ದು ಅವಳಿಗೇ ಹೊಸದು.

"ಇನ್ನೊಂದು ಚಹಾ ಹೇಳ್ಲಾ?" ಎಂದ ತಲ್ಹಾ.

ಮಂಜು ಕರಗಿ ಹತ್ತನೇ ಮಹಡಿ ಕಾಣುವವರೆಗೂ ಇಬ್ಬರೂ ಮಾತಾಡಿದರು. ಮಗಳು ಇಷ್ಟು ಮಾತಾಡಿದ್ದನ್ನು ಉಮ್ಮ ವರ್ಷಗಳಿಂದ ನೋಡಿರಲಿಲ್ಲ.

ಎಂಟು ದಿನ ಕಳೆಯಿತು. ಮಾತುಕತೆ ನಿಶ್ಚಿತಾರ್ಥದ ತನಕ ಬಂತು. ಒಂಬತ್ತನೆಯ ದಿನ ಉಮ್ಮ ಫೋನ್ ಕೆಳಗಿಟ್ಟು ಮಗಳ ಕೋಣೆಗೆ ಬಂದರು.

"ಸಿದ್ದೀಖಾ ಫೋನ್ ಮಾಡಿದ್ಲು. ನೀನು ಅದೆಂತದೋ ಬರೆದಿದ್ದೀಯಂತಲ್ಲ, ಹುಡುಗನ ಪಾಟಿನ ಬಗ್ಗೆ, ಹಾಡಿನ ಬಗ್ಗೆ? ನಿಶ್ಚಯಕ್ಕೆ ಮೊದಲು ತೆಗೆದುಬಿಡ್ಬೇಕಂತೆ."

"ತಲ್ಹಾ ಹೇಳಿದ್ದಾ?"

"ಅವರ ಮನೆಯಲ್ಲಿ ಗಂಡಸಿನ ಮಾತು ಅಕ್ಕನ ಬಾಯಿಂದಲೇ ಬರುವುದು ಮಗಳೇ. ಬೇರೆ ಎಂತ ಕೇಳ್ಬೇಕು?"

*ಎದುರಿಗೆ ಕೂತು ಇನ್ನೊಂದು ಚಹಾ ಹೇಳಿದವನು... ಬೆನ್ನ ಹಿಂದೆ ಅಕ್ಕನನ್ನು ಕಳಿಸಿದನೇ?*

"ತೆಗೆಯುವುದಿಲ್ಲ ಉಮ್ಮ."

"ನಾಲ್ಕು ಸಾಲಲ್ವಾ ಮಾರಾಯ್ತಿ! ಕಬ್ಬಿಣ ಬಡಿಯುವ ಶಬ್ದಕ್ಕೆ ಯಾರಾದ್ರೂ ಮದುವೆ ಬಿಡ್ತಾರಾ?"

"ನನ್ನ ಕಿವಿ ಬಿಟ್ಟು ಬಾ ಅನ್ನುವ ಮನೆಗೆ ನಾನು ಯಾಕೆ ಹೋಗ್ಬೇಕು? ಖಲಾಸ್."

ಬರಹವನ್ನು ಅವಳು ಅಳಿಸಲಿಲ್ಲ. ತೆರೆದು, ಕೊನೆಯಲ್ಲಿ ಒಂದು ಸಾಲು ಸೇರಿಸಿದಳು: "ಇಲ್ಲಿ ಬರೆದದ್ದೆಲ್ಲ ಇನ್ನೂ ನನ್ನ ಮಾತೇ." ರಾತ್ರಿ ಇಶಾ ನಮಾಝಿನ ಸಜ್ದಾದಲ್ಲಿ ಹಣೆ ಊರಿದವಳಿಗೆ ಏನು ಬೇಡಬೇಕೆಂದೇ ತೋಚಲಿಲ್ಲ. ಕಣ್ಣೀರು ಕೆಳಗೆ ಹಾಸಿದ್ದ ಮುಸಲ್ಲಾದ ಮೇಲೆ ಬಿತ್ತು.

ಮರುದಿನ ರಜೆ ಹಾಕಿ ಅಬುಧಾಬಿಯ ಬಸ್ಸು ಹತ್ತಿದಳು. ಬೇಡ ಎನ್ನುವುದನ್ನಾದರೂ ತಾನೇ, ತನ್ನ ಬಾಯಿಂದಲೇ ಹೇಳಬೇಕು.

ಅಲ್ ಮೀನಾದ ಕಾರ್ಪೆಟ್ ಅಂಗಡಿಯಲ್ಲಿ ತಲ್ಹಾ ಒಂದು ದೊಡ್ಡ ಕಾರ್ಪೆಟ್ಟನ್ನು ಸುರುಳಿ ಸುತ್ತುತ್ತಿದ್ದ. ಒಳಗಿನ ಸ್ಟೂಲಿನಲ್ಲಿ ಸಿದ್ದೀಖಾ ಹಾಲಿಲ್ಲದ ಸುಲೈಮಾನಿ ಚಹಾ ಹೀರುತ್ತಿದ್ದಳು. ಬಾಗಿಲಲ್ಲಿ ಮುಹ್ಸಿನಾಳನ್ನು ಕಂಡು ಅವನ ಮುಖ ಅರಳಿತು.

"ಅಸ್ಸಲಾಮು ಅಲೈಕುಂ."

ಅವಳು ಉತ್ತರಿಸಲಿಲ್ಲ. ಸಲಾಮಿಗೆ ಮರುಸಲಾಂ ಹೇಳುವುದು ಕೇಳಿದವರ ಮೇಲಿನ ಋಣವೆಂದು ಮದ್ರಸಾದಲ್ಲಿ ಕಲಿತವಳು. ಆದರೂ ತುಟಿ ಬಿಗಿಹಿಡಿದಳು.

"ಬರೆದದ್ದನ್ನು ಅಳಿಸುವುದಿಲ್ಲ. ಇದನ್ನು ಹೇಳ್ಲಿಕ್ಕೇ ಬಂದೆ. ಅಳಿಸಿದ್ರೆ ಮಾತ್ರ ಮದುವೆ ಅಂತಾದ್ರೆ, ಮದುವೆ ಬೇಡ."

ಕಾರ್ಪೆಟ್ ಅವನ ಕೈಯಿಂದ ಜಾರಿತು. "ಅಳಿಸಿ ಅಂತ ಯಾರು ಹೇಳಿದ್ದು?"

ಒಳಗೆ ಗ್ಲಾಸು ಕೆಳಗಿಟ್ಟ ಸದ್ದು.

"ನಾನು," ಎಂದಳು ಸಿದ್ದೀಖಾ. ದನಿ ಗಟ್ಟಿಯಾಗಿಯೇ ಇತ್ತು. "ಬೇರೆಯವರು ಹೇಳಿದ್ರೆ ಕಿವಿಗೆ ಹಾಕಿಕೊಳ್ತಿರಲಿಲ್ಲ. ಮನೆಗೆ ಬರುವವಳೇ ನನ್ನ ತಮ್ಮನ ಕೋಣೆ ಖಾಲಿ ಅಂತ ಊರಿಗೆಲ್ಲ ಬರೆದ್ರೆ?"

"ಆಪಾ," ತಲ್ಹಾ ಅಕ್ಕನಿಗೆ ಮೆಲ್ಲಗೆ ಹೇಳಿದ, "ಖಾಲಿಯೇ ಇತ್ತಲ್ಲ."



ಅವನು ಮುಹ್ಸಿನಾಳ ಕಡೆ ತಿರುಗಿದ. "ಕೋಣೆ ಬಾಗಿಲು ಹಾಕಿಕೊಂಡು ಎಂಟು ಸಲ ನನ್ನ ಕೈಗೆ ನಾನೇ ತಟ್ಟಿ ರೆಕಾರ್ಡ್ ಮಾಡಿದ್ದು. ಕೇಳಿದವರಿಗೆಲ್ಲ ಮದುವೆಮನೆ ಕೇಳಿಸ್ತು. ಒಬ್ಬನೇ ಇದ್ದದ್ದು ನಿಮಗೆ ಮಾತ್ರ ಕೇಳಿಸ್ತು. ಅದನ್ನು ಓದಿದ ದಿನವೇ ಆಪಾನ ಹತ್ರ ಹೇಳಿದೆ, ಈ ಹುಡುಗಿ ಯಾರು ಅಂತ ಹುಡುಕು, ಸಂಬಂಧ ಕೇಳು ಅಂತ. ನೀವು ಆ ಬರಹ ಅಳಿಸಿದ್ರೆ... ನಾನು ಮೆಚ್ಚಿದವಳನ್ನೇ ಅಳಿಸಿದ ಹಾಗೆ."

ಜಗಳವಾಡಲು ಮುಹ್ಸಿನಾ ತಂದಿದ್ದ ಮಾತುಗಳೆಲ್ಲ ಎಲ್ಲಿಗೋ ಹೋದವು.

"ಮುಂದಿನ ಆಲ್ಬಮ್ ಕೆಟ್ಟದಾದ್ರೂ ಬರೀತೇನೆ," ಎಂದಳು. ಹಠ ಬಿಡಲಿಲ್ಲ.

"ಬರೀಬೇಕು."

"ನಿಮ್ಮ ಮನೆಯಲ್ಲೇ ಕೂತು ಬರೀತೇನೆ."

"ಮೇಜು ನಾನೇ ಹಾಕಿಸಿಕೊಡ್ತೇನೆ."

ಸಿದ್ದೀಖಾ ಎದ್ದು ಇನ್ನೊಂದು ಗ್ಲಾಸಿಗೆ ಸುಲೈಮಾನಿ ಬಗ್ಗಿಸಿದಳು. ಮುಹ್ಸಿನಾಳ ಮುಖ ನೋಡದೆ ಅದನ್ನು ಅವಳ ಮುಂದಿಟ್ಟು, "ಸಕ್ಕರೆ ನೀನೇ ಹಾಕಿಕೋ. ನಾನು ಹಾಕಿದ್ರೆ ಅದನ್ನೂ ಬರೀತೀಯ," ಎಂದಳು.

ತಲ್ಹಾ ನಕ್ಕುಬಿಟ್ಟ.

ಮುಹ್ಸಿನಾ ತಲೆಯ ಶಾಲು ಸರಿಮಾಡಿಕೊಂಡಳು. ಅವನ ಕಣ್ಣನ್ನು ನೇರ ನೋಡಿ, ಅವನಿಗಷ್ಟೇ ಕೇಳುವಷ್ಟು ಮೆಲ್ಲಗೆ ಹೇಳಿದಳು:

"ವಅಲೈಕುಮುಸ್ಸಲಾಂ."